ಮಕ್ಕಳು ಬೇಗ ಹೊಂದಿಕೊಳ್ತಾರೆ ಅನ್ನುವ ಮಾತು

ದೇಶ ಬಿಟ್ಟು ಹೊರಡುವ ಮುಂಚೆ ನಮಗೆ ಎಲ್ಲರಿಂದಲೂ ಸಿಕ್ಕ ಸಮಾಧಾನ ಒಂದೇ. "ಮಕ್ಕಳ ಬಗ್ಗೆ ಯೋಚ್ನೆ ಮಾಡ್ಬೇಡಿ, ಅವರು ಬೇಗ ಹೊಂದಿಕೊಳ್ತಾರೆ." ನೆಂಟರು ಹೇಳಿದರು. ಆಫೀಸಿನವರು ಹೇಳಿದರು. ಹೊಸ ದೇಶಕ್ಕೆ ಬಂದಿಳಿದ ಮೇಲೆ ಪಕ್ಕದ ಮನೆಯವರೂ ಹೇಳಿದರು. ಇನ್ನಾರು ತಿಂಗಳು ತಡೀರಿ, ನಿಮಗೇ ಭಾಷೆ ಕಲಿಸ್ತಾರೆ ಅಂದರು. ನಾನು ನಂಬಿದೆ. ಆಗ ಏನನ್ನಾದರೂ ನಂಬದೆ ನನಗೆ ಗತಿ ಇರಲಿಲ್ಲ. ಮನೆ ಹುಡುಕಬೇಕಿತ್ತು, ಕಾಗದಪತ್ರ ಮಾಡಿಸಬೇಕಿತ್ತು, ಬಸ್ಸು ಎಲ್ಲಿ ಹತ್ತುವುದು ಅನ್ನುವುದರಿಂದ ಹಿಡಿದು ಎಲ್ಲವನ್ನೂ ಹೊಸದಾಗಿ ಕಲಿಯಬೇಕಿತ್ತು. ಮಕ್ಕಳ ವಿಷಯವೊಂದಾದರೂ ತಾನೇ ಸರಿಹೋಗುತ್ತೆ ಅಂದರೆ ಯಾರಿಗೆ ಬೇಡ?

ಆಗ ಮಗಳಿಗೆ 9 ವರ್ಷ, ಮಗನಿಗೆ 6. ಈಗ ಮೂರು ವರ್ಷ ಕಳೆದಿದೆ. ಯಾವ ದೇಶ ಅಂತ ಇಲ್ಲಿ ಬರೆಯುತ್ತಿಲ್ಲ. ಬೇರೆ ಬೇರೆ ದಿಕ್ಕಿಗೆ ಹೋದ ಗೆಳತಿಯರ ಜೊತೆ ಮಾತಾಡಿದ್ದೇನೆ. ಊರು ಬೇರೆ, ಭಾಷೆ ಬೇರೆ, ಕತೆ ಮಾತ್ರ ಒಂದೇ.

ಆ ಸಮಾಧಾನದ ಮಾತನ್ನು ಮಗಳೂ ಕೇಳಿಸಿಕೊಂಡಿದ್ದಳು ಅನ್ನುವುದು ನನಗೆ ಬಹಳ ತಡವಾಗಿ ಹೊಳೆಯಿತು. ಬೇಗ ಹೊಂದಿಕೊಳ್ಳುವುದು ತನ್ನ ಪಾಲಿನ ಕೆಲಸ ಅಂತ ಅವಳು ಅಂದುಕೊಂಡಿದ್ದಳು. ಅಪ್ಪ ಅಮ್ಮ ದಿನವಿಡೀ ಓಡಾಡಿ ಸುಸ್ತಾಗಿರುತ್ತಾರೆ, ತಾನು ತೊಂದರೆ ಕೊಡಬಾರದು. ದಿನಾ ಸಂಜೆ "ಸ್ಕೂಲ್ ಹೇಗಿತ್ತು?" ಅಂದರೆ "ಚೆನ್ನಾಗಿತ್ತು" ಅನ್ನುತ್ತಿದ್ದಳು. ನಾನು ಅಷ್ಟಕ್ಕೇ ಬಿಡುತ್ತಿದ್ದೆ.

ನಾಲ್ಕನೇ ತಿಂಗಳು ನಡೆಯುತ್ತಿತ್ತು. ಒಂದು ರಾತ್ರಿ ದೀಪ ಆರಿಸಿ ಅವಳ ಪಕ್ಕ ಮಲಗಿದ್ದೆ. ಮುಖ ಕಾಣದಿದ್ದಾಗ ಮಕ್ಕಳು ಜಾಸ್ತಿ ಮಾತಾಡುತ್ತಾರೆ ಅಂತ ಆಗ ನನಗೆ ಗೊತ್ತಿರಲಿಲ್ಲ. ಸುಮ್ನೆ ಕೇಳಿದೆ.

"ಊಟದ ಬಿಡುವಿನಲ್ಲಿ ಏನ್ ಮಾಡ್ತೀಯ ಪುಟ್ಟಾ?"

"ಸುತ್ತು ಹಾಕ್ತೀನಿ."

ಯಾವುದೋ ಆಟ ಅಂದುಕೊಂಡೆ. "ಯಾರ ಜೊತೆ?"

"ಒಬ್ಳೇ. ಮೈದಾನದ ಬೇಲಿ ಪಕ್ಕ. ನಿಧಾನ ನಡೆದ್ರೆ 14 ಸುತ್ತಿಗೆ ಬೆಲ್ ಆಗುತ್ತೆ. ಬೇಗ ನಡೆದ್ರೆ 18. ಕೂತ್ಕೊಂಡ್ರೆ ಟೀಚರ್ ಬಂದು ಯಾಕೆ ಒಬ್ಳೇ ಕೂತಿದೀಯ ಅಂತ ಕೇಳ್ತಾರೆ. ನಡೀತಾ ಇದ್ರೆ ಕೇಳಲ್ಲ."

ಅವಳು ಅಳುತ್ತಿರಲಿಲ್ಲ. ಲೆಕ್ಕ ಒಪ್ಪಿಸುವ ಹಾಗೆ ಹೇಳಿದಳು. ಅದೇ ವಾರ ಶಾಲೆಯಿಂದ ವರದಿ ಬಂದಿತ್ತು. ಶಾಂತ ಸ್ವಭಾವ, ತೊಂದರೆ ಇಲ್ಲ, ಚೆನ್ನಾಗಿ ಹೊಂದಿಕೊಂಡಿದ್ದಾಳೆ ಅಂತ. ಅದನ್ನು ಫೋಟೋ ತೆಗೆದು ಊರಿಗೂ ಕಳಿಸಿದ್ದೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾಲ್ಕು ತಿಂಗಳು, ವಾರಕ್ಕೆ ಐದು ದಿನ, ದಿನಕ್ಕೆ 14 ಸುತ್ತು. ಎಷ್ಟಾಯಿತು ಅಂತ ಲೆಕ್ಕ ಹಾಕುತ್ತಾ ಮಲಗಿದ್ದೆ.

ಕ್ಯಾಲೆರ್ವೋ ಒಬರ್ಗ್ ಅಂತ ಒಬ್ಬ ಮಾನವಶಾಸ್ತ್ರಜ್ಞ ಇದ್ದರು. 1960ರಲ್ಲಿ ಅವರು ಬರೆದ ಒಂದು ಲೇಖನದಿಂದ 'ಕಲ್ಚರ್ ಶಾಕ್', ಅಂದರೆ ಹೊಸ ಸಂಸ್ಕೃತಿಯ ನಡುವೆ ಬಿದ್ದಾಗ ಆಗುವ ಆಘಾತ, ಅನ್ನುವ ಮಾತು ಎಲ್ಲ ಕಡೆ ಹರಡಿತು. ದೊಡ್ಡ ದೊಡ್ಡ ವಿಷಯಗಳು ಹೊಸದಾಗುವುದರಿಂದ ಅಷ್ಟು ಕಷ್ಟವಾಗುವುದಿಲ್ಲ, ನಾವು ಯೋಚನೆ ಮಾಡದೆಯೇ ಬಳಸುತ್ತಿದ್ದ ಸಣ್ಣ ಸಣ್ಣ ಗುರುತುಗಳು ಒಮ್ಮೆಲೇ ಕಳೆದುಹೋಗುತ್ತವಲ್ಲ, ಆ ದಿಗಿಲೇ ಇದರ ಬೇರು ಅನ್ನುವುದು ಅವರ ವಿವರಣೆ. ಯಾವಾಗ ನಗಬೇಕು, ಯಾವಾಗ ಸುಮ್ಮನಿರಬೇಕು, ಕರೆದರೆ ನಿಜವಾಗಲೂ ಹೋಗಬೇಕಾ ಅಥವಾ ಅದು ಬರೀ ಬಾಯಿಮಾತಾ. ಇದನ್ನು ಓದಿದಾಗ ನನ್ನ ಕಣ್ಣಿಗೆ ಕಟ್ಟಿದ್ದು ಆ ಮೈದಾನ. ನನ್ನ ಮಗಳಿಗೆ ಆಟ ಗೊತ್ತಿತ್ತು. ಆಡುತ್ತಿರುವ ಗುಂಪಿನೊಳಗೆ ಹೋಗುವುದು ಹೇಗೆ ಅಂತ ಗೊತ್ತಿರಲಿಲ್ಲ. ಮುಂಚೆ ಅವಳು ಹೋಗಿ ನಿಂತರೆ ಸಾಕಿತ್ತು, ಯಾರೋ ಕೈ ಹಿಡಿದು ಎಳೆದುಕೊಳ್ಳುತ್ತಿದ್ದರು. ಇಲ್ಲಿ ನಿಂತವಳನ್ನು ಯಾರೂ ಎಳೆಯಲಿಲ್ಲ. ಅವರದೇನೂ ತಪ್ಪಲ್ಲ. ಇಲ್ಲಿ ಬಾಯಿಬಿಟ್ಟು ಕೇಳಬೇಕು. ಕೇಳಲು ಬೇಕಾದ ಆ ಒಂದು ವಾಕ್ಯವನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆ ಒಂದು ವಾಕ್ಯವನ್ನು ನಾವಿಬ್ಬರೂ ಅಡುಗೆಮನೆಯಲ್ಲಿ ನಿಂತು ಬಾಯಿಪಾಠ ಮಾಡಿದೆವು. ನಾನು ಆಡುತ್ತಿರುವ ಹುಡುಗಿ, ಅವಳು ಕೇಳುವ ಹುಡುಗಿ. ಆಮೇಲೆ ಅದಲುಬದಲು. 'ಬೇಡ' ಅಂದರೆ ಏನು ಮಾಡಬೇಕು ಅನ್ನುವುದನ್ನೂ ಆಡಿ ನೋಡಿದೆವು. ಅವಳನ್ನು ಕೇಳಿಕೊಂಡೇ ಟೀಚರ್ ಹತ್ತಿರ ಹೋಗಿ ವಿಷಯ ಹೇಳಿದೆ. ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ಗಲಾಟೆ ಮಾಡುವ ಮಗು ಎಲ್ಲರ ಕಣ್ಣಿಗೂ ಬೀಳುತ್ತೆ. ಬೇಲಿ ಪಕ್ಕ ನಡೆಯುವ ಮಗು ಯಾರ ಕಣ್ಣಿಗೂ ಬೀಳುವುದಿಲ್ಲ. ಅವರು ವಾರಕ್ಕೆ ಎರಡು ಬಿಡುವು ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವ ಕೆಲಸಕ್ಕೆ ಅವಳನ್ನೂ ಇನ್ನೊಬ್ಬ ಹುಡುಗಿಯನ್ನೂ ಹಾಕಿದರು. ಕೈಗೆ ಒಂದು ಕೆಲಸ ಇದ್ದರೆ ಮಾತು ಕಮ್ಮಿ ಇದ್ದರೂ ನಡೆಯುತ್ತೆ. ಆ ಹುಡುಗಿಯನ್ನು ಒಂದು ಶನಿವಾರ ಮನೆಗೆ ಕರೆದೆವು. ಒಬ್ಬಳನ್ನೇ. ಇಬ್ಬರು ಮೂವರನ್ನು ಕರೆದರೆ ಬಂದವರು ಅವರವರೇ ಮಾತಾಡಿಕೊಳ್ಳುತ್ತಾರೆ, ನಮ್ಮ ಮಗು ತನ್ನ ಮನೆಯಲ್ಲೇ ಹೊರಗಿನವಳಾಗುತ್ತಾಳೆ. ಇದನ್ನು ಹೊಸದಾಗಿ ಬಂದ ಎಲ್ಲ ತಂದೆತಾಯಿಗೂ ಹೇಳುತ್ತೇನೆ. ಮೊದಲಿಗೆ ಒಂದೇ ಮಗುವನ್ನು ಕರೆಯಿರಿ.

ಮಗನ ಕತೆ ಬೇರೆ. ಅವನು ಶಾಲೆಯಲ್ಲಿ ಮಾತೇ ಆಡಲಿಲ್ಲ.

ಮನೆಯಲ್ಲಿ ಬಾಯಿ ಮುಚ್ಚದ ಹುಡುಗ. ಶಾಲೆಯ ಬಾಗಿಲು ದಾಟಿದರೆ ಮೌನ. ಕೈಸನ್ನೆ ಮಾಡುತ್ತಿದ್ದ, ತಲೆ ಆಡಿಸುತ್ತಿದ್ದ, ಚಿತ್ರ ಬರೆದು ತೋರಿಸುತ್ತಿದ್ದ. ಒಂದು ತಿಂಗಳಾಯಿತು, ಎರಡಾಯಿತು. ಆದರೆ ಮನೆಗೆ ಬಂದು ಗೊಂಬೆಗಳನ್ನು ಸಾಲಾಗಿ ಕೂರಿಸಿ ಪಾಠ ಮಾಡುತ್ತಿದ್ದ. ಪದಗಳು ಅರ್ಧಂಬರ್ಧ. ಧಾಟಿ ಮಾತ್ರ ಅವನ ಟೀಚರದ್ದೇ. ಆ ಏರಿಳಿತ, ಆ ಚಪ್ಪಾಳೆ, "ಈಗ ಎಲ್ಲರೂ ಕೇಳಿ" ಅನ್ನುವ ಆ ವಾಕ್ಯ. ಬಾಗಿಲ ಸಂದಿಯಿಂದ ನೋಡಿ ನನಗೆ ಕಣ್ಣು ತುಂಬಿತು. ಅವನು ಸುಮ್ಮನಿದ್ದನೇ ಹೊರತು ಖಾಲಿ ಇರಲಿಲ್ಲ.

ಹೊಸ ಭಾಷೆಯ ನಡುವೆ ಬಿದ್ದ ಸಣ್ಣ ಮಕ್ಕಳಲ್ಲಿ ಇಂಥ ಮೌನದ ಅವಧಿ ಬರುವುದು ಸಾಮಾನ್ಯ. ವಾರಗಟ್ಟಲೆ, ಕೆಲವರಲ್ಲಿ ತಿಂಗಳುಗಟ್ಟಲೆ. ಆಗ ಕಿವಿ ಕೆಲಸ ಮಾಡುತ್ತಿರುತ್ತೆ. ಆದರೆ ಎಲ್ಲ ಮೌನವನ್ನೂ ಹಾಗೆ ಅಂದುಕೊಂಡು ಕೂರಬಾರದು ಅನ್ನುವುದೂ ಅಷ್ಟೇ ಮುಖ್ಯ. 'ಸೆಲೆಕ್ಟಿವ್ ಮ್ಯೂಟಿಸಂ' ಅಂತ ಒಂದು ಸ್ಥಿತಿ ಇದೆ. ಅದು ಆತಂಕದಿಂದ ಬರುವ ತೊಂದರೆ. ಮಾತು ಚೆನ್ನಾಗಿ ಬರುವ ಮಗುವಿಗೂ ಕೆಲವು ಜಾಗಗಳಲ್ಲಿ ಬಾಯಿ ಕಟ್ಟಿಹೋಗುತ್ತೆ. ಅದನ್ನು ಗುರುತಿಸುವಾಗ ವೈದ್ಯರು ಶಾಲೆಯ ಮೊದಲ ತಿಂಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಭಾಷೆ ಬರದೇ ಇರುವುದೇ ಕಾರಣವಾಗಿದ್ದರೂ ಅದನ್ನು ಈ ತೊಂದರೆ ಅನ್ನುವುದಿಲ್ಲ. ಭಾಷೆ ಅರ್ಥವಾಗಲು ಶುರುವಾದ ಮೇಲೂ ಮಗು ಬಿಗಿದುಕೊಂಡೇ ಇದ್ದರೆ, ಬಾತ್‌ರೂಮಿಗೆ ಹೋಗಬೇಕು ಅಂತ ಸನ್ನೆ ಮಾಡುವುದಕ್ಕೂ ಆಗದಿದ್ದರೆ, ತಜ್ಞರಿಗೆ ತೋರಿಸಬೇಕು. ಹಾಗೆಯೇ ಮಾತಿನ ತೊಂದರೆ ಮನೆಮಾತಿನಲ್ಲೂ ಕಾಣುತ್ತಿದೆಯಾ ಅಂತ ನೋಡಬೇಕು. ಎರಡೂ ಭಾಷೆಯಲ್ಲಿ ಕಂಡರೆ ಪರೀಕ್ಷೆ ಮಾಡಿಸಬೇಕು. ಹೊಸ ಭಾಷೆಯಲ್ಲಿ ಮಾತ್ರ ಇದ್ದರೆ ಬಹಳಷ್ಟು ಸಲ ಅದು ಕಲಿಕೆಯ ಹಾದಿ ಅಷ್ಟೆ. ನಾವು ಕಿವಿಯ ಪರೀಕ್ಷೆ ಮಾಡಿಸಿದೆವು. ಎಲ್ಲ ಸರಿ ಇತ್ತು.

ಆಗಲೇ ಶಾಲೆಯಿಂದ ಒಬ್ಬರು ಕರೆದು ಒಂದು ಸಲಹೆ ಕೊಟ್ಟರು. ಮನೆಯಲ್ಲೂ ಇಲ್ಲಿನ ಭಾಷೆಯನ್ನೇ ಆಡಿ, ಎರಡೆರಡು ಭಾಷೆ ಆದರೆ ಮಗುವಿಗೆ ಗೊಂದಲವಾಗುತ್ತೆ ಅಂತ. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ಮೂರು ವಾರ ಹಾಗೇ ಮಾಡಿದೆ.

ಆ ಮೂರು ವಾರ ನೆನೆದರೆ ಈಗಲೂ ಹೊಟ್ಟೆ ಸಂಕಟವಾಗುತ್ತೆ. ಆ ಭಾಷೆಯಲ್ಲಿ ನನಗೆ ಬೈಯೋಕೂ ಬರುತ್ತಿರಲಿಲ್ಲ, ಮುದ್ದು ಮಾಡೋಕೂ ಬರುತ್ತಿರಲಿಲ್ಲ. ಕೈ ತೊಳಿ, ಚೀಲ ತಗೋ, ಮಲಗು. ಇಷ್ಟೇ. ಬಿದ್ದು ಮಂಡಿ ತರಚಿಕೊಂಡು ಬಂದ ಮಗನಿಗೆ "ಅಯ್ಯೋ ನನ್ ರಾಜಾ" ಅನ್ನುವುದಕ್ಕೆ ಆ ಭಾಷೆಯಲ್ಲಿ ನನ್ನ ಹತ್ತಿರ ಏನೂ ಇರಲಿಲ್ಲ. ಅವನು ನನ್ನ ಮುಖ ನೋಡಿದ. ಈ ಅಮ್ಮ ಯಾರು ಅನ್ನುವ ಹಾಗೆ ನೋಡಿದ. ಶಾಲೆಯಲ್ಲಿ ಮೊದಲೇ ಮೌನವಾಗಿದ್ದ ಹುಡುಗ ಮೂರನೇ ವಾರಕ್ಕೆ ಮನೆಯಲ್ಲೂ ಮಾತು ಕಮ್ಮಿ ಮಾಡಿದ. ಅವತ್ತೇ ನಿಲ್ಲಿಸಿದೆ. ಅವನನ್ನು ತೊಡೆ ಮೇಲೆ ಕೂರಿಸಿಕೊಂಡು ಕನ್ನಡದಲ್ಲಿ ಬಾಯಿಗೆ ಬಂದದ್ದೆಲ್ಲ ಮಾತಾಡಿದೆ.

ಎರಡು ಭಾಷೆ ಗೊಂದಲ ಮಾಡುತ್ತೆ ಅನ್ನುವುದು ಹಳೆಯ ನಂಬಿಕೆ. 1962ರಲ್ಲೇ ಎಲಿಜಬೆತ್ ಪೀಲ್ ಮತ್ತು ವ್ಯಾಲೇಸ್ ಲ್ಯಾಂಬರ್ಟ್ ಅನ್ನುವ ಇಬ್ಬರು ಸಂಶೋಧಕರು ಕೆನಡಾದ ಮಾಂಟ್ರಿಯಲ್‌ನಲ್ಲಿ 10 ವರ್ಷದ ಮಕ್ಕಳ ಮೇಲೆ ಅಧ್ಯಯನ ಮಾಡಿ, ಎರಡು ಭಾಷೆ ಚೆನ್ನಾಗಿ ಬಲ್ಲ ಮಕ್ಕಳು ಬುದ್ಧಿಯ ಪರೀಕ್ಷೆಗಳಲ್ಲಿ ಹಿಂದೆ ಬೀಳಲಿಲ್ಲ, ಮುಂದೆಯೇ ಇದ್ದರು ಅಂತ ತೋರಿಸಿದ್ದರು. 1991ರಲ್ಲಿ ಭಾಷಾತಜ್ಞೆ ಲಿಲಿ ವಾಂಗ್ ಫಿಲ್ಮೋರ್ ಇದರ ಇನ್ನೊಂದು ಮುಖವನ್ನು ಬರೆದರು. ಅಮೆರಿಕದ ವಲಸೆ ಕುಟುಂಬಗಳಲ್ಲಿ ಸಣ್ಣ ವಯಸ್ಸಿನಲ್ಲೇ ಮಕ್ಕಳ ಮನೆಮಾತು ಹೋದಾಗ, ಅದರ ಜೊತೆ ಏನೇನು ಹೋಗುತ್ತೆ ಅಂತ. ತಂದೆತಾಯಿ ಮಕ್ಕಳಿಗೆ ಬುದ್ಧಿ ಹೇಳುವುದು, ತಮ್ಮ ಬದುಕಿನ ಅನುಭವ ಹೇಳುವುದು, ಇದೆಲ್ಲ ಭಾಷೆಯಲ್ಲಿ ತಾನೇ ನಡೆಯುವುದು? ಮಕ್ಕಳಿಗೂ ನಮಗೂ ನಡುವೆ ಗಟ್ಟಿಯಾದ ಒಂದು ಭಾಷೆ ಉಳಿಯದಿದ್ದರೆ, ಅವರಿಗೆ 14 ತುಂಬಿದಾಗ ನಾವು ಏನನ್ನು ಮಾತಾಡುವುದು, ಯಾವುದರಲ್ಲಿ ಮಾತಾಡುವುದು?

ಮಗ ಐದನೇ ತಿಂಗಳು ಶಾಲೆಯಲ್ಲಿ ಬಾಯಿಬಿಟ್ಟ. ಮೊದಲ ಸಲವೇ ಪೂರ್ತಿ ವಾಕ್ಯ. "ಅದು ನನ್ನದು, ಕೊಡು." ಟೀಚರ್ ಫೋನ್ ಮಾಡಿ ಹೇಳಿದರು.

ಶಾಲೆಗೆ ಸೇರಿಸುವ ಕಾಗದದ ಕೆಲಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದೇಶದಿಂದ ದೇಶಕ್ಕೆ ಬೇರೆ. ಲಸಿಕೆಯ ದಾಖಲೆ, ಹುಟ್ಟಿದ ದಾಖಲೆ, ಹಿಂದಿನ ಶಾಲೆಯ ಅಂಕಪಟ್ಟಿ ಕೈಚೀಲದಲ್ಲೇ ಇರಲಿ, ದೊಡ್ಡ ಪೆಟ್ಟಿಗೆಯಲ್ಲಿ ಬೇಡ. ಎಷ್ಟೋ ದೇಶಗಳಲ್ಲಿ ಮಗು ಯಾವ ತರಗತಿ ಮುಗಿಸಿದೆ ಅಂತ ನೋಡುವುದಿಲ್ಲ, ಇಂಥ ತಾರೀಖಿಗೆ ಎಷ್ಟು ವಯಸ್ಸು ಅಂತ ನೋಡಿ ತರಗತಿಗೆ ಹಾಕುತ್ತಾರೆ. ಮಗು ಅರ್ಧ ವರ್ಷ ಹಿಂದೆಯೋ ಮುಂದೆಯೋ ಆಗಬಹುದು. ಅದನ್ನು ಮಗುವಿಗೆ ಮೊದಲೇ ಹೇಳಿ. ಹೇಳದೆ ಇದ್ದರೆ ತಾನು ಫೇಲಾದೆ ಅಂದುಕೊಳ್ಳುತ್ತೆ.

ಗಣಿತದ ವಿಷಯ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಭಾಷೆ ಬರದಿದ್ದರೂ ಲೆಕ್ಕ ಮಾಡ್ತಾಳೆ, ಲೆಕ್ಕಕ್ಕೆ ಭಾಷೆ ಯಾಕೆ ಅಂತ ನಾವು ಧೈರ್ಯವಾಗಿದ್ದೆವು. ಹಾಗಾಗಲಿಲ್ಲ. ಮೊದಲನೆಯದಾಗಿ ಬರೆಯುವ ರೀತಿಯೇ ದೇಶದಿಂದ ದೇಶಕ್ಕೆ ಬದಲಾಗುತ್ತೆ. ಭಾಗಾಕಾರ ಜೋಡಿಸುವ ಕ್ರಮ ಒಂದೊಂದು ಕಡೆ ಒಂದೊಂದು ಥರ. ಕೆಲವು ದೇಶಗಳಲ್ಲಿ ದಶಮಾಂಶಕ್ಕೆ ಚುಕ್ಕಿ ಇಡುವುದಿಲ್ಲ, ಅಲ್ಪವಿರಾಮ ಇಡುತ್ತಾರೆ. ನಾವು 1,00,000 ಅಂತ ಬರೆಯುವ ಒಂದು ಲಕ್ಷ ಹೊರಗೆ ಎಷ್ಟೋ ಕಡೆ 100,000 ಆಗುತ್ತೆ, ಓದುವುದು ನೂರು ಸಾವಿರ ಅಂತ. ಅವಳು ಲಕ್ಷ, ಕೋಟಿ ಕಲಿತಿದ್ದವಳು. ದೊಡ್ಡ ಸಂಖ್ಯೆ ಕಂಡರೆ ಮನಸ್ಸಿನಲ್ಲೇ ಅಲ್ಪವಿರಾಮ ಅಳಿಸಿ ಬೇರೆ ಕಡೆ ಇಟ್ಟುಕೊಂಡು, ಆಮೇಲೆ ಉತ್ತರ ಹೇಳಬೇಕಿತ್ತು. ಅಷ್ಟರಲ್ಲಿ ಪಕ್ಕದವರು ಕೈ ಎತ್ತಿರುತ್ತಿದ್ದರು.

ಇವೆಲ್ಲ ಒಂದೆರಡು ತಿಂಗಳಲ್ಲಿ ಸರಿಹೋದವು. ಸರಿಹೋಗದೆ ಉಳಿದದ್ದು ಲೆಕ್ಕದ ಕತೆ, ಅಂದರೆ ವಾಕ್ಯಗಳಲ್ಲಿ ಕೊಡುವ ಲೆಕ್ಕ. 'ಕನಿಷ್ಠ ಎಷ್ಟು', 'ಪ್ರತಿಯೊಬ್ಬರಿಗೂ', 'ಉಳಿದದ್ದರಲ್ಲಿ ಅರ್ಧ'. ಈ ಸಣ್ಣ ಪದಗಳಲ್ಲೇ ಲೆಕ್ಕ ಇರುವುದು. ಆಟದ ಮೈದಾನದಲ್ಲಿ ಇವು ಬರುವುದಿಲ್ಲ. ಅಷ್ಟು ಹೊತ್ತಿಗೆ ಮಗಳು ಗೆಳತಿಯರ ಜೊತೆ ಪಟಪಟ ಮಾತಾಡುತ್ತಿದ್ದಳು. ಹಾಗಾಗಿ ಶಾಲೆಯಲ್ಲಿ ಅವಳಿಗೆ ಭಾಷೆಯ ಸಹಾಯ ನಿಲ್ಲಿಸಿದರು. ಮಾತು ಬಂದಿದೆಯಲ್ಲ, ಇನ್ನೇನು ಅಂತ. ಆಗಲೇ ಅಂಕ ಇಳಿಯತೊಡಗಿದ್ದು. ಅವಳಿಗೆ ಗಣಿತ ಕಷ್ಟ ಅನ್ನುವ ತೀರ್ಮಾನಕ್ಕೆ ಎಲ್ಲರೂ ಬಂದರು. ಅವಳೂ ಬಂದಳು.

ಕೆನಡಾದ ಶಿಕ್ಷಣ ಸಂಶೋಧಕ ಜಿಮ್ ಕಮಿನ್ಸ್ 1979ರಿಂದ ಇದನ್ನೇ ಹೇಳಿಕೊಂಡು ಬಂದಿದ್ದಾರೆ. ಆಡುವ ಭಾಷೆ ಬೇರೆ, ಓದುವ ಭಾಷೆ ಬೇರೆ. ದಿನದ ಮಾತುಕತೆ ಎರಡು ವರ್ಷದೊಳಗೆ ಬಂದುಬಿಡುತ್ತೆ. ಪಾಠದ ಭಾಷೆಯಲ್ಲಿ ಆ ಭಾಷೆಯಲ್ಲೇ ಬೆಳೆದ ಮಕ್ಕಳ ಸಮ ಬರಲು 5ರಿಂದ 7 ವರ್ಷ ಬೇಕು. ಇದನ್ನು ಓದಿದ ದಿನ ನನಗೆ ಎದೆಯ ಭಾರ ಇಳಿದ ಹಾಗಾಯಿತು. ಅವಳಿಗೆ ಓದಿ ಹೇಳಿದೆ. "ಹಾಗಾದ್ರೆ ನಾನು ದಡ್ಡಿ ಅಲ್ವಾ?" ಅಂದಳು. ಈ ಪ್ರಶ್ನೆಯನ್ನು ಅವಳು ಎಷ್ಟು ದಿನದಿಂದ ಇಟ್ಟುಕೊಂಡಿದ್ದಳೋ.

ಅಮೆರಿಕದ ಸಂಶೋಧಕಿ ವರ್ಜೀನಿಯಾ ಕಾಲಿಯರ್ 1987ರ ಅಧ್ಯಯನದಲ್ಲಿ ಇನ್ನೊಂದು ಕಂಡುಕೊಂಡರು. 8ರಿಂದ 11 ವರ್ಷದ ನಡುವೆ ಬಂದ ಮಕ್ಕಳು ಪಾಠದಲ್ಲಿ ಎಲ್ಲರಿಗಿಂತ ಬೇಗ ಮೇಲೆ ಬಂದರು. ಅದಕ್ಕಿಂತ ಸಣ್ಣವರು ಅವರಿಗಿಂತ ಹಿಂದೆ ಇದ್ದರು. 12ರಿಂದ 15ರೊಳಗೆ ಬಂದವರಿಗೆ ಎಲ್ಲರಿಗಿಂತ ಕಷ್ಟವಾಯಿತು. ಸಣ್ಣವರಾದಷ್ಟೂ ಬೇಗ ಕಲಿಯುತ್ತಾರೆ ಅನ್ನುವ ನಮ್ಮ ಲೆಕ್ಕಕ್ಕೆ ಇದು ತಿರುಗುಮುರುಗು. ಕಾರಣ ಯೋಚಿಸಿದರೆ ಸರಳ. 9 ವರ್ಷದ ಮಗುವಿಗೆ ತನ್ನ ಭಾಷೆಯಲ್ಲಿ ಓದು ಬರಹ ಆಗಲೇ ಕೂತಿರುತ್ತೆ. ಅರ್ಧ ಅಂದರೇನು, ನೆರಳು ಯಾಕೆ ಉದ್ದವಾಗುತ್ತೆ ಅನ್ನುವುದು ಗೊತ್ತಿರುತ್ತೆ. ಹೊಸ ಹೆಸರು ಅಂಟಿಸಿಕೊಳ್ಳಬೇಕು ಅಷ್ಟೆ. 6ರ ಮಗು ಎರಡನ್ನೂ ಒಟ್ಟಿಗೆ ಕಲಿಯಬೇಕು. 13ರ ಮಗುವಿಗೆ ಪಾಠದ ಭಾಷೆ ಎಷ್ಟು ದೊಡ್ಡದಾಗಿರುತ್ತೆ ಅಂದರೆ ಓಡಿ ಹಿಡಿಯಲು ಶಾಲೆಯ ವರ್ಷಗಳೇ ಸಾಲುವುದಿಲ್ಲ.

ಅಲ್ಲಿಂದ ನಾವು ಮನೆಯಲ್ಲಿ ಮಾಡಿದ್ದು ಒಂದೇ ಕೆಲಸ. ಮುಂದಿನ ವಾರ ಯಾವ ಪಾಠ ಅಂತ ಟೀಚರನ್ನು ಕೇಳಿಕೊಂಡು ಬಂದು ಅದನ್ನು ಮೊದಲು ಕನ್ನಡದಲ್ಲಿ ಹೇಳಿಕೊಡುವುದು. ಎಲೆ ಬಿಸಿಲು ಕುಡಿದು ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತೆ ಅಂತ ಭಾನುವಾರ ಮನೆಯಲ್ಲಿ ಕೇಳಿಸಿಕೊಂಡವಳಿಗೆ ಮಂಗಳವಾರ ತರಗತಿಯಲ್ಲಿ ಅದೇ ವಿಷಯ ಬಂದಾಗ ಹಿಡಿಯಲು ಒಂದು ಕೊಂಬೆ ಇರುತ್ತಿತ್ತು. ಲೆಕ್ಕದ ಕತೆಯನ್ನು ಕನ್ನಡಕ್ಕೆ ತಿರುಗಿಸಿ ಕೊಟ್ಟರೆ ಕ್ಷಣದಲ್ಲಿ ಬಿಡಿಸುತ್ತಿದ್ದಳು. ಟೀಚರ್ ಎದುರೇ ಒಮ್ಮೆ ಹಾಗೆ ಮಾಡಿ ತೋರಿಸಿದೆವು. ಅವರು ಮತ್ತೆ ಸಹಾಯದ ತರಗತಿಗೆ ಹಾಕಿದರು.

ಇನ್ನು ನಾನು ಅತಿ ಕಷ್ಟಪಟ್ಟು ಬರೆಯುತ್ತಿರುವ ಭಾಗ.

ಮಕ್ಕಳಿಗೆ ಭಾಷೆ ನಮಗಿಂತ ಮುಂಚೆ ಬರುತ್ತೆ. ಬಂದ ಕೂಡಲೇ ನಾವು ಅವರನ್ನು ಕೆಲಸಕ್ಕೆ ಹಚ್ಚುತ್ತೇವೆ. ಕೌಂಟರ್‌ನಲ್ಲಿ, ಫೋನಿನಲ್ಲಿ, ಬಂದ ಪತ್ರ ಓದುವಾಗ. ಅದು ಹೆಮ್ಮೆಯ ಹಾಗೂ ಕಾಣುತ್ತೆ. ಮಗಳಿಗೂ ಮೊದಮೊದಲು ಖುಷಿಯೇ ಇತ್ತು. ಎರಡನೇ ವರ್ಷ ನನಗೆ ಒಂದು ಆರೋಗ್ಯದ ತೊಂದರೆ ಬಂತು. ಕ್ಲಿನಿಕ್‌ಗೆ ಅವಳನ್ನೇ ಕರೆದುಕೊಂಡು ಹೋದೆ. ಅವಳಿಗೆ 11 ವರ್ಷ. ವೈದ್ಯರು ಮಾತಾಡಿದರು. ಸ್ವಲ್ಪ ಉದ್ದವಾಗಿಯೇ ಮಾತಾಡಿದರು. ಅವಳು ನನ್ನ ಕಡೆ ತಿರುಗಿ, "ಇನ್ನೊಂದು ಟೆಸ್ಟ್ ಮಾಡ್ಬೇಕಂತೆ ಅಮ್ಮ. ಏನೂ ಆಗಿಲ್ವಂತೆ" ಅಂದಳು.

ಟೆಸ್ಟ್ ಆಯಿತು. ಆಮೇಲೆ ನಿಜವಾಗಿಯೂ ಏನೂ ಇರಲಿಲ್ಲ. ಆದರೆ ಅವತ್ತು ವೈದ್ಯರು ಹಾಗೆ ಹೇಳಿರಲಿಲ್ಲ. ಏನಿರಬಹುದು ಅಂತ ಅವರು ಹೇಳಿದ್ದರು. ಅದನ್ನು ಅವಳು ಕೇಳಿ ತನ್ನೊಳಗೇ ಇಟ್ಟುಕೊಂಡಿದ್ದಳು. "ಏನೂ ಆಗಿಲ್ವಂತೆ" ಅನ್ನುವುದು ಅವಳೇ ಸೇರಿಸಿದ ಮಾತು. ಹತ್ತು ದಿನ ಆ ವಿಷಯ ಅವಳೊಬ್ಬಳಿಗೇ ಗೊತ್ತಿತ್ತು. ಹತ್ತು ದಿನ ಅವಳು ಶಾಲೆಗೆ ಹೋಗಿ ಬಂದಳು, ತಮ್ಮನ ಜೊತೆ ಜಗಳ ಆಡಿದಳು, ರಾತ್ರಿ ನನ್ನ ಕೈ ಹಿಡಿದುಕೊಂಡು ಮಲಗಿದಳು. ಯಾಕೆ ಕೈ ಬಿಡ್ತಿಲ್ಲ ಅಂತ ನಾನು ಕೇಳಿದ್ದೆ ಕೂಡ.

ವರದಿ ಬಂದ ಸಂಜೆ ಅವಳು ಅತ್ತು ಎಲ್ಲ ಹೇಳಿದಳು. ಅವತ್ತಿನಿಂದ ಮಗುವನ್ನು ದುಭಾಷಿ ಮಾಡುವುದು ನಮ್ಮ ಮನೆಯಲ್ಲಿ ನಿಂತಿತು. ಎಷ್ಟೋ ಕಡೆ ಆಸ್ಪತ್ರೆಗೂ ಶಾಲೆಗೂ ಮೊದಲೇ ತಿಳಿಸಿದರೆ ದುಭಾಷಿಯನ್ನು ಕೊಡುತ್ತಾರೆ, ಆಗದಿದ್ದರೆ ಫೋನಿನಲ್ಲಾದರೂ ಸಿಗುತ್ತಾರೆ. ನಾನು ಕೇಳಿಯೇ ಇರಲಿಲ್ಲ. ಕೇಳುವುದಕ್ಕೆ ಸಂಕೋಚ. ಆ ಸಂಕೋಚದ ಭಾರವನ್ನು ನನ್ನ ಮಗಳು ಹೊತ್ತಳು. ರಸ್ತೆಯ ಫಲಕ ಓದಲಿ, ಅಂಗಡಿಯಲ್ಲಿ ಕೇಳಲಿ, ತಪ್ಪಿಲ್ಲ. ಕಾಯಿಲೆ, ದುಡ್ಡು, ವೀಸಾ, ಅವಳದೇ ಶಾಲೆಯ ವರದಿ, ಈ ನಾಲ್ಕು ಮಾತ್ರ ಮಕ್ಕಳ ಬಾಯಿಂದ ಬರಬಾರದು.

ನನಗೂ ಭಾಷೆ ಕಲಿಯಲೇಬೇಕು ಅಂತ ಗಟ್ಟಿಯಾದದ್ದು ಆಗಲೇ. ಸಂಜೆ ತರಗತಿಗೆ ಸೇರಿದೆ. ಮೂವರೂ ಒಂದೇ ಮೇಜಿನ ಸುತ್ತ ಹೋಮ್‌ವರ್ಕ್ ಮಾಡುತ್ತಿದ್ದೆವು. ನನ್ನ ತಪ್ಪುಗಳನ್ನು ಮಗ ತಿದ್ದುತ್ತಿದ್ದ. ಅಮ್ಮನಿಗೂ ಇದು ಕಷ್ಟ ಅಂತ ಕಣ್ಣಾರೆ ನೋಡಿದ್ದು ಅವರಿಗೆ ಒಳ್ಳೆಯದೇ ಆಯಿತು ಅನಿಸುತ್ತೆ.

ಈಗ ಮನೆಯೊಳಗೆ ಇನ್ನೊಂದು ನಡೆಯುತ್ತಿದೆ. ಅಕ್ಕ ತಮ್ಮ ತಮ್ಮತಮ್ಮಲ್ಲೇ ಇಲ್ಲಿನ ಭಾಷೆಯಲ್ಲಿ ಮಾತಾಡುತ್ತಾರೆ. ಬದಲಾವಣೆ ಶುರುವಾಗುವುದೇ ಹೀಗೆ ಅಂತ ಗೆಳತಿಯರು ಹೇಳಿದ್ದರು. ಮೊದಲು ಮಕ್ಕಳ ನಡುವೆ, ಆಮೇಲೆ ನಮ್ಮ ಪ್ರಶ್ನೆಗೆ ಉತ್ತರ ಕೊಡುವಾಗ, ಕೊನೆಗೆ ಅಜ್ಜಿಯ ಫೋನಿನಲ್ಲಿ. ಮಗ ಒಮ್ಮೆ ಫೋನಿನಲ್ಲಿ ಅಜ್ಜಿಗೆ ಏನೋ ಹೇಳಲು ಹೋಗಿ, ಪದ ಸಿಗದೆ, ನನ್ನ ಕೈಗೆ ಫೋನ್ ಕೊಟ್ಟು ಹೋದ. ಅಜ್ಜಿ ಆ ಕಡೆಯಿಂದ "ಪರವಾಗಿಲ್ಲ ಬಿಡು" ಅಂದರು. ನನಗೆ ಪರವಾಗಿತ್ತು.

ಮಕ್ಕಳು ಭಾಷೆಯನ್ನು ಕಲಿತಷ್ಟೇ ಬೇಗ ಬಿಡುತ್ತಾರೆ. 2003ರಲ್ಲಿ ಪ್ರಕಟವಾದ ಒಂದು ಫ್ರೆಂಚ್ ಅಧ್ಯಯನದಲ್ಲಿ, 3ರಿಂದ 8 ವರ್ಷದೊಳಗೆ ಕೊರಿಯಾದಿಂದ ಫ್ರಾನ್ಸಿನ ಮನೆಗಳಿಗೆ ದತ್ತು ಹೋಗಿ ಬೆಳೆದವರಿಗೆ ಕೊರಿಯನ್ ವಾಕ್ಯ ಕೇಳಿಸಿದರು. ಇದು ತಮ್ಮ ಹುಟ್ಟುಮಾತು ಅಂತ ಗುರುತು ಹಿಡಿಯುವುದಕ್ಕೂ ಅವರಿಗೆ ಆಗಲಿಲ್ಲ. ಅವರ ಮನೆಯಲ್ಲಿ ಆ ಭಾಷೆ ಆಡುವವರು ಯಾರೂ ಇರಲಿಲ್ಲ, ನಮ್ಮ ಮನೆಯಲ್ಲಿ ನಾವಿದ್ದೇವೆ. ವ್ಯತ್ಯಾಸ ಅಷ್ಟೇ. ಆ 'ಅಷ್ಟೇ'ಯನ್ನು ನಾನು ದಿನಾ ನೆನಪಿಟ್ಟುಕೊಳ್ಳುತ್ತೇನೆ. ರಾತ್ರಿ ಅರ್ಧ ಗಂಟೆ ಕನ್ನಡದ ಪುಸ್ತಕ. ಮಗನಿಗೆ 49 ಅಕ್ಷರ ಕಲಿಸಿದ್ದಾಯಿತು, ಒತ್ತಕ್ಷರ ಇನ್ನೂ ತಡವರಿಸುತ್ತಾನೆ. ಲಕಾರ ಳಕಾರ ಬೆರೆಸುತ್ತಾನೆ. ಬೈಯುವುದಿಲ್ಲ. ಅಣಕಿಸುವುದಂತೂ ಯಾರಿಗೂ ಬಿಡುವುದಿಲ್ಲ. ಒಂದು ಸಲ ನಗೆಪಾಟಲಾದರೆ ಮಗು ಆ ಭಾಷೆಯ ಕಡೆ ಮತ್ತೆ ತಲೆ ಹಾಕುವುದಿಲ್ಲ. ಚಿಕ್ಕಮ್ಮ, ದೊಡ್ಡಮ್ಮ, ಅತ್ತೆ ಮೂವರಿಗೂ ಇಲ್ಲಿ ಒಂದೇ ಪದ ಅಂತ ತಿಳಿದಾಗ ಅವನು ಕೇಳಿದ: "ಮತ್ತೆ ಯಾರು ಯಾರು ಅಂತ ಇವರಿಗೆ ಹೆಂಗೆ ಗೊತ್ತಾಗುತ್ತೆ?" ಕನ್ನಡ ಅವನಿಗೆ ಇನ್ನೂ ಬೇಕಾಗಿದೆ ಅನ್ನುವುದಕ್ಕೆ ನನಗೆ ಅಷ್ಟು ಸಾಕು.

ವಿಶ್ವಸಂಸ್ಥೆ 1989ರಲ್ಲಿ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 29ನೇ ವಿಧಿಯಲ್ಲಿ ಒಂದು ಸಾಲಿದೆ. ಶಿಕ್ಷಣ ಅಂದರೆ ಮಗುವಿನಲ್ಲಿ ತನ್ನ ತಂದೆತಾಯಿಯ ಬಗ್ಗೆ, ತನ್ನ ಭಾಷೆಯ ಬಗ್ಗೆ, ತಾನು ಇರುವ ದೇಶದ ಬಗ್ಗೆ, ತಾನು ಬಂದ ದೇಶದ ಬಗ್ಗೆ ಗೌರವ ಬೆಳೆಸಬೇಕು ಅಂತ. ಎಲ್ಲವನ್ನೂ ಒಟ್ಟಿಗೇ ಹೇಳಿದ್ದಾರೆ, ಯಾವುದಾದರೂ ಒಂದನ್ನು ಆರಿಸಿಕೋ ಅಂದಿಲ್ಲ. ನನ್ನ ಡೈರಿಯ ಮೊದಲ ಪುಟದಲ್ಲಿ ಅದನ್ನು ಬರೆದಿಟ್ಟುಕೊಂಡಿದ್ದೇನೆ.

ಹೋದ ವರ್ಷ ಯಾವುದೋ ಸಣ್ಣ ವಿಷಯಕ್ಕೆ ಜಗಳವಾಗಿ ಮಗಳು ಕೂಗಿದಳು. "ಇಲ್ಲಿಗೆ ಬರೋಣ್ವಾ ಅಂತ ನನ್ನನ್ನ ಯಾರೂ ಕೇಳ್ಲಿಲ್ಲ." ನಿಜ. ಕೇಳಿರಲಿಲ್ಲ. 'ನಿನ್ನ ಒಳ್ಳೇದಕ್ಕೇ' ಅನ್ನುವ ಮಾತು ಬಾಯಿ ತುದಿಗೆ ಬಂದಿತ್ತು, ನುಂಗಿಕೊಂಡೆ. "ಹೌದು, ಕೇಳ್ಬೇಕಾಗಿತ್ತು. ತಪ್ಪಾಯ್ತು" ಅಂದೆ. ಬೇಡ ಅಂದಿದ್ದರೂ ನಾವು ಬರುತ್ತಿದ್ದೆವು. ಅದನ್ನೂ ಹೇಳಿದೆ. ಕೇಳಿದ್ದರೆ ಅವಳು ಬಿಟ್ಟು ಬಂದದ್ದಕ್ಕೆ ಅಳುವುದಕ್ಕಾದರೂ ಜಾಗ ಸಿಗುತ್ತಿತ್ತು. ಅವಳ ಬೆಂಚಿನ ಪಕ್ಕದ ಗೆಳತಿ, ಅವಳ ಸೈಕಲ್ಲು, ಅವಳಿಗೆ ಯಾವಾಗಲೂ ಸಿಗುತ್ತಿದ್ದ ಕಿಟಕಿ ಪಕ್ಕದ ಜಾಗ. ನಾವು ಹೊರಡುವ ಗಡಿಬಿಡಿಯಲ್ಲಿ ಇವನ್ನೆಲ್ಲ ಆಮೇಲೆ ಹೊಸದು ತಗೊಳ್ಳುವ ವಸ್ತುಗಳ ಪಟ್ಟಿಗೆ ಸೇರಿಸಿಬಿಟ್ಟಿದ್ದೆವು.

ಅವಳು ಈ ವರ್ಷ ದೊಡ್ಡ ಶಾಲೆಗೆ ಹೋಗುತ್ತಾಳೆ. ಹಳೆಯ ಶಾಲೆಯ ಮೈದಾನ ಶನಿವಾರ ತೆರೆದಿರುತ್ತೆ, ಯಾರು ಬೇಕಾದರೂ ಹೋಗಬಹುದು. ಹೋದ ವಾರ ನಾನೇ ಕೇಳಿದೆ.

"ನೀನು ಸುತ್ತು ಹಾಕ್ತಿದ್ದ ಜಾಗ ತೋರಿಸ್ತೀಯಾ?"

ಅವಳು ಒಂದು ಕ್ಷಣ ನನ್ನ ಮುಖ ನೋಡಿ "ಬಾ" ಅಂದಳು. ಗೇಟಿನ ಎಡಗಡೆಯಿಂದ ಶುರು. ಇಲ್ಲಿ ಬೇಲಿ ತಂತಿ ಸಡಿಲ, ಕೈ ಇಟ್ಟರೆ ಸದ್ದಾಗುತ್ತೆ. ಇಲ್ಲಿ ಇರುವೆ ಗೂಡು ಇತ್ತು, ಮಳೆ ಬಂದ ಮೇಲೆ ಹೋಯಿತು. ಈ ಮರದ ಹತ್ತಿರ ಬಂದಾಗ ಗಡಿಯಾರ ಕಾಣುತ್ತೆ ನೋಡು, ಆ ಗೋಡೆ ಮೇಲಿನದು. ಇಲ್ಲಿ ಸ್ವಲ್ಪ ಬಿಸಿಲು ಬೀಳುತ್ತೆ, ಚಳಿಗಾಲದಲ್ಲಿ ಇಲ್ಲಿ ನಿಧಾನ ನಡೀತಿದ್ದೆ. ಅವಳು ಮುಂದೆ, ನಾನು ಹಿಂದೆ. ಅವಳ ಕಾಲು ಈಗ ಉದ್ದವಾಗಿದೆ, ನನಗೆ ಸಮ ನಡೆಯಲು ಆಗುತ್ತಿರಲಿಲ್ಲ. ತಮ್ಮ ಜಾರುಬಂಡೆಯ ಮೇಲಿಂದ ಅಕ್ಕನನ್ನು ಕೂಗುತ್ತಿದ್ದ, ಇಲ್ಲಿನ ಭಾಷೆಯಲ್ಲಿ.

ನಾಲ್ಕನೇ ಸುತ್ತು ಮುಗಿದು ಗೇಟಿನ ಹತ್ತಿರ ಬಂದೆವು.

"14 ಪೂರ್ತಿ ಮಾಡೋಣ್ವಾ?" ಅಂದೆ.

"ಬೇಡ ಅಮ್ಮ. ಸಾಕು" ಅಂದಳು. ತಮ್ಮನ ಕಡೆ ಓಡಿದಳು.